ಹಳೆಯ ಮನೆಫೋಟೊಗಳನ್ನು ಉಳಿಸುವುದು, ಸರಿಪಡಿಸುವುದು: ಮುಂಬೈ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಊರಿನಿಂದ ಬಂದ ಟ್ರಂಕಿನ ತಳದಲ್ಲೋ, ಡೊಂಬಿವಲಿ ಫ್ಲ್ಯಾಟಿನ ಲಾಫ್ಟಿನಲ್ಲೋ, ಮಾಟುಂಗದ ಹಳೆಯ ಮನೆಯ ಗೋಡೆಯ ಮೇಲೋ ಇರುವ ಫೋಟೊಗಳ ಬಗ್ಗೆ ಬರುವ ಪ್ರಶ್ನೆಗಳಿವು. ಕೆಳಗಿನ ಉತ್ತರಗಳೆಲ್ಲ ಒಂದೇ ನಿಯಮದ ಮೇಲೆ ನಿಂತಿವೆ: ಮೂಲ ಫೋಟೊವನ್ನು ಕಾಪಾಡಿದರೆ ಸಾಕು, ರಿಪೇರಿ ಏನಿದ್ದರೂ ಅದರ ಪ್ರತಿಗೆ.

ಒಂದು ಪೆಟ್ಟಿಗೆ ತುಂಬ ಫೋಟೊ ಸಿಕ್ಕಿದೆ. ಮೊದಲು ಏನು ಮಾಡಬೇಕು?

ಒರೆಸಲು ಹೋಗಬೇಡಿ, ಬಿಸಿಲಿಗೆ ಹರಡಬೇಡಿ, ಒಂದಕ್ಕೊಂದು ಅಂಟಿರುವುದನ್ನು ಬಿಡಿಸಬೇಡಿ. ಪೆಟ್ಟಿಗೆಯಲ್ಲಿ ಹೇಗಿತ್ತೋ ಹಾಗೆಯೇ ಫೋನಿನಲ್ಲಿ ಒಂದೆರಡು ಚಿತ್ರ ತೆಗೆದಿಟ್ಟುಕೊಳ್ಳಿ. ಯಾವ ಫೋಟೊ ಯಾವುದರ ಪಕ್ಕದಲ್ಲಿತ್ತು ಎಂಬುದೇ ಮುಂದೆ ಹೆಸರು ಪತ್ತೆ ಮಾಡಲು ನೆರವಾಗುತ್ತದೆ. ಆಮೇಲೆ ಪ್ರತಿಯೊಂದರ ಮುಂದು, ಹಿಂದು ಎರಡನ್ನೂ ಫೋನಿನಲ್ಲಿ ತೆಗೆಯಿರಿ. ಇದು ಸ್ಕ್ಯಾನ್ ಅಲ್ಲ, ಬರೀ ಪಟ್ಟಿ.

ಈ ಪಟ್ಟಿ ಹಿಡಿದುಕೊಂಡು ಮನೆಯ ಹಿರಿಯರ ಹತ್ತಿರ ಕೂತು ಹೆಸರು ಕೇಳಿ. ಸ್ಕ್ಯಾನಿಂಗ್ ಮುಂದಿನ ವರ್ಷವೂ ಮಾಡಬಹುದು. ತೊಂಬತ್ತರ ದೊಡ್ಡಮ್ಮನನ್ನು ಮಾತ್ರ ಈ ತಿಂಗಳೇ ಕೇಳಬೇಕು. ಫೋನಿನ ಧ್ವನಿಮುದ್ರಣ ಹಾಕಿಟ್ಟು, "ಇದು ಇಪ್ಪತ್ತಮೂರನೇ ಫೋಟೊ, ಎಡಗಡೆಯಿಂದ ಹೇಳಿ" ಎಂದು ಕ್ರಮವಾಗಿ ಕೇಳಿದರೆ ಬರೆದುಕೊಳ್ಳುವ ಗಡಿಬಿಡಿ ಇರುವುದಿಲ್ಲ.

ನಮ್ಮ ಫೋಟೊ ಯಾವ ಬಗೆಯದೆಂದು ತಿಳಿಯುವುದು ಹೇಗೆ? ಅದು ಗೊತ್ತಿರಲೇಬೇಕೇ?

ಗೊತ್ತಿದ್ದರೆ ಒಳ್ಳೆಯದು, ಏಕೆಂದರೆ ಒಂದೊಂದು ಬಗೆ ಕೆಡುವ ರೀತಿ ಬೇರೆ. ಗಟ್ಟಿ ರಟ್ಟಿಗೆ ಅಂಟಿಸಿದ ತೆಳ್ಳನೆಯ ಕಾಗದ, ಕಂದು–ಹಳದಿ ಛಾಯೆ, ಕೆಳಗೆ ಸ್ಟುಡಿಯೊ ಹೆಸರಿನ ಚಿನ್ನದಕ್ಷರ ಇದ್ದರೆ ಅದು 19ನೇ ಶತಮಾನದ ಕೊನೆಯ ಭಾಗದ್ದಾಗಿರಬಹುದು. ಆಗಿನ ಎಷ್ಟೋ ಫೋಟೊಗಳನ್ನು ಮೊಟ್ಟೆಯ ಬಿಳಿಭಾಗದ ಲೇಪವಿದ್ದ ಕಾಗದದಲ್ಲಿ ಮುದ್ರಿಸುತ್ತಿದ್ದರು. ನಮ್ಮ ಮನೆಗಳಲ್ಲಿರುವ ಕಪ್ಪುಬಿಳುಪು ಫೋಟೊಗಳಲ್ಲಿ ಹೆಚ್ಚಿನವು ಇದರ ನಂತರದವು. ಕಾಗದದ ಮೇಲೆ ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು) ಪದರ, ಆ ಪದರದೊಳಗೆ ಬೆಳ್ಳಿಯ ಕಣ. ಫೋಟೊವನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಕಪ್ಪು ಭಾಗದಲ್ಲಿ ನೀಲಿ ಕನ್ನಡಿಯ ಹಾಗೆ ಹೊಳಪು ಕಂಡರೆ, ಆ ಬೆಳ್ಳಿ ಮೇಲ್ಮೈಗೆ ಬಂದು ಕೂತಿದೆ ಎಂದರ್ಥ. ತೇವ, ಕೆಟ್ಟ ರಟ್ಟು, ಹೊಸ ಪೇಂಟಿನ ಆವಿ ಇದಕ್ಕೆ ಕಾರಣ. ರಬ್ಬರಿನಿಂದ ಉಜ್ಜಿದರೆ ಹೊಳಪಿನ ಜೊತೆ ಚಿತ್ರವೂ ಹೋಗುತ್ತದೆ.

1970ರ ದಶಕದಿಂದೀಚೆಗೆ ಬಂದ ಬಣ್ಣದ ಪ್ರಿಂಟುಗಳಿಗೆ ಹಿಂದೆ ಪ್ಲಾಸ್ಟಿಕ್ ನಯ ಇರುತ್ತದೆ. ಇವುಗಳಲ್ಲಿ ಬೆಳ್ಳಿ ಇಲ್ಲ, ಮೂರು ಬಣ್ಣಗಳ ಪದರ ಮಾತ್ರ. ಕತ್ತಲಲ್ಲಿಟ್ಟರೂ ಬಣ್ಣ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಸ್ಕ್ಯಾನ್ ಮಾಡಲು ಕೂತಾಗ ಮೊದಲ ಸರದಿ ಇವುಗಳದ್ದು. ತಾತನ ಕಾಲದ ಕಪ್ಪುಬಿಳುಪಿಗೆ ಅವಸರವಿಲ್ಲ. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಮುಂಬೈ ಮಳೆಗಾಲದಲ್ಲಿ ಇವನ್ನು ಎಲ್ಲಿ, ಹೇಗೆ ಇಡಬೇಕು?

ಫೋಟೊಗೆ ಶೇ 30ರಿಂದ 50ರೊಳಗಿನ ತೇವಾಂಶ ಹಿತ. ಶೇ 65 ದಾಟಿತೆಂದರೆ ಬೂಷ್ಟು ಹುಟ್ಟಲು ಅನುಕೂಲ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿಯ ಗಾಳಿ ಶೇ 80ರ ಮೇಲೆಯೇ ಇರುತ್ತದೆ. ಇಡೀ ಮನೆಯನ್ನು ಒಣಗಿಸಲಾಗದು, ಒಂದು ಡಬ್ಬಿಯನ್ನು ಒಣಗಿಸಬಹುದು.

ರಬ್ಬರ್ ಅಂಚಿರುವ, ಗಾಳಿ ಹೋಗದ ಅಡುಗೆಮನೆಯ ದೊಡ್ಡ ಡಬ್ಬಿ ತೆಗೆದುಕೊಳ್ಳಿ. ಪಾಲಿಪ್ರೊಪಿಲಿನ್ ಆಗಿರಬೇಕು, ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ನೋಡಿ. 10 ಲೀಟರಿನ ಡಬ್ಬಿಗೆ ಸುಮಾರು 200 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು) ಸಾಕು. ಅದನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಡಬ್ಬಿಯ ಒಂದು ಮೂಲೆಯಲ್ಲಿಡಿ. ಹರಳು ಫೋಟೊಗೆ ತಾಗಬಾರದು. ಬಣ್ಣ ಬದಲಿಸುವ ಹರಳು ಕೊಳ್ಳುವುದಾದರೆ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಇರುವ ಕೋಬಾಲ್ಟ್ ವಿಷಕಾರಿ. ಬಣ್ಣ ತಿರುಗಿದಾಗ ಒವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ, ತಣಿಸಿ, ಮತ್ತೆ ಬಳಸಬಹುದು. ಡಬ್ಬಿಯೊಳಗೆ ಒಂದು ಚಿಕ್ಕ ಡಿಜಿಟಲ್ ತೇವಾಂಶ ಮಾಪಕ ಹಾಕಿ. ಅದು ಶೇ 30ಕ್ಕಿಂತ ಕೆಳಗೆ ತೋರಿಸಿದರೆ ಸ್ವಲ್ಪ ಜೆಲ್ ತೆಗೆಯಿರಿ. ಅತಿಯಾಗಿ ಒಣಗಿದ ಜೆಲಟಿನ್ ಬಿರಿಯುತ್ತದೆ, ಫೋಟೊ ಸುರುಳಿ ಸುತ್ತುತ್ತದೆ.

ಡಬ್ಬಿಯನ್ನು ಮಳೆಗಾಲ ಶುರುವಾಗುವ ಮುಂಚೆ, ಮೇ ತಿಂಗಳಲ್ಲೇ ತುಂಬಿ ಮುಚ್ಚಿ. ಜುಲೈನಲ್ಲಿ ಮುಚ್ಚಿದರೆ ಹೊರಗಿನ ತೇವವನ್ನೇ ಒಳಗೆ ಕಟ್ಟಿಟ್ಟಂತೆ. ಇನ್ನು ಜಾಗ: ಲಾಫ್ಟ್ ಬೇಡ, ಅಲ್ಲಿ ಏಪ್ರಿಲ್–ಮೇ ಬಿಸಿ ವಿಪರೀತ. ಬಾತ್‌ರೂಮಿಗೆ ಅಂಟಿದ ಗೋಡೆಯ ಕಪಾಟೂ ಬೇಡ. ಮನೆಯ ಮಧ್ಯದ ಕೋಣೆಯ ಸ್ಟೀಲ್ ಕಪಾಟಿನಲ್ಲಿ, ನಡುವಿನ ಅರೆಯಲ್ಲಿ ಇಟ್ಟರೆ ಉತ್ತಮ. ಕಪಾಟು ಹೊರಗೋಡೆಗೆ ತಾಗಿದ್ದರೆ ನಾಲ್ಕು ಬೆರಳಷ್ಟು ಮುಂದಕ್ಕೆ ಎಳೆಯಿರಿ.

ಒಂದೊಂದು ಫೋಟೊವನ್ನೂ ಬೇರೆ ಬೇರೆ ಕವರಿನಲ್ಲಿಡಿ. ಆಮ್ಲವಿಲ್ಲದ ಕಾಗದದ ಕವರ್, ಇಲ್ಲವೇ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲಿನ್ ಕವರ್ ಆಗಬಹುದು. ತೆರೆದ ಕೂಡಲೇ ಹೊಸ ರೇನ್‌ಕೋಟಿನ ವಾಸನೆ ಬರುವ ಕವರ್ ಪಿವಿಸಿಯದ್ದು. ಅದರಿಂದ ಹೊರಡುವ ಆಮ್ಲ ಫೋಟೊವನ್ನು ತಿನ್ನುತ್ತದೆ. ನ್ಯೂಸ್‌ಪೇಪರ್, ಖಾಕಿ ಕವರ್, ರಬ್ಬರ್ ಬ್ಯಾಂಡ್, ಪಿನ್ನು, ಕ್ಲಿಪ್ ಯಾವುದೂ ಒಳಗಿರಕೂಡದು. "ಕೈಕಾಗದ" (ಕೈಯಿಂದ ತಯಾರಿಸಿದ ಕಾಗದ) ಎಂದ ಮಾತ್ರಕ್ಕೆ ಆಮ್ಲರಹಿತ ಎಂದಲ್ಲ; ಕೇಳಿ ಕೊಳ್ಳಿ.

ಡಾಂಬರ್ ಗುಳಿಗೆ, ಬೇವಿನ ಎಲೆ ಹಾಕಬಹುದೇ?

ಎರಡೂ ಬೇಡ. ಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ ಕವರುಗಳನ್ನು ಮೆತ್ತಗಾಗಿಸುತ್ತದೆ, ಮನುಷ್ಯರಿಗೂ ಒಳ್ಳೆಯದಲ್ಲ. ಹಸಿ ಎಲೆ ಎಂದರೆ ನಾವೇ ತೇವ ತಂದು ಇಟ್ಟ ಹಾಗೆ. ಒಣಗಿದ ಡಬ್ಬಿಯಲ್ಲಿ ಜಿರಳೆ ಬರುವುದಿಲ್ಲ, ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳವೂ ಬದುಕುವುದಿಲ್ಲ.

ಬೂಷ್ಟು ಬಂದುಬಿಟ್ಟಿದೆ. ಒದ್ದೆ ಬಟ್ಟೆಯಲ್ಲಿ ಒರೆಸಲೇ?

ಖಂಡಿತ ಬೇಡ. ಬೂಷ್ಟು ಜೆಲಟಿನ್ನನ್ನೇ ತಿಂದು ಬೆಳೆಯುತ್ತದೆ. ಅದರಡಿಯ ಪದರ ಆಗಲೇ ಕರಗಿದ ಸ್ಥಿತಿಯಲ್ಲಿರುತ್ತದೆ. ಒದ್ದೆ ಬಟ್ಟೆ ತಾಗಿದರೆ ಬೂಷ್ಟಿನ ಜೊತೆಗೆ ಮುಖವೂ ಬಟ್ಟೆಗೆ ಬರುತ್ತದೆ.

ಬೂಷ್ಟು ಹಿಡಿದವನ್ನು ಉಳಿದವುಗಳಿಂದ ಬೇರೆ ಮಾಡಿ. ಸಿಲಿಕಾ ಜೆಲ್ ಇರುವ ಇನ್ನೊಂದು ಡಬ್ಬಿಯಲ್ಲಿ ವಾರವೆರಡು ವಾರ ಇಡಿ. ಒಣಗಿದ ಮೇಲೆ ಬೂಷ್ಟು ಪುಡಿಯಾಗುತ್ತದೆ. ಎನ್–95 ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ, ಚಿತ್ರಕಾರರು ಬಳಸುವ ಮೆತ್ತನೆಯ ಅಗಲ ಬ್ರಷ್ಷಿನಿಂದ ಒಳಗಿನಿಂದ ಹೊರಕ್ಕೆ ಹಗುರವಾಗಿ ಸವರಿ. ಆ ಬ್ರಷ್ಷನ್ನು ಬೇರೆ ಫೋಟೊಗೆ ಬಳಸಬೇಡಿ. ಉಳಿಯುವ ಕಲೆ ಉಳಿಯಲಿ. ಅದನ್ನು ಸ್ಕ್ಯಾನಿನಲ್ಲಿ ತೆಗೆಯೋಣ.

ಅಜ್ಜನ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಬಿಡಿಸುವ ಉಪಾಯ ಇದೆಯೇ?

ಮಳೆಗಾಲದ ತೇವಕ್ಕೆ ಜೆಲಟಿನ್ ಉಬ್ಬಿ ಗಾಜನ್ನು ಅಪ್ಪುತ್ತದೆ, ಬೇಸಿಗೆಯಲ್ಲಿ ಹಾಗೆಯೇ ಒಣಗುತ್ತದೆ. ಕೆಲವು ವರ್ಷ ಹೀಗೆ ಕಳೆದರೆ ಗಾಜು ಮತ್ತು ಫೋಟೊ ಒಂದೇ ವಸ್ತು. ನೀರಲ್ಲಿ ನೆನೆಸಿ ಬಿಡಿಸುವ ವಿಡಿಯೊಗಳು ಬೇಕಾದಷ್ಟಿವೆ. ಕಪ್ಪುಬಿಳುಪು ಪ್ರಿಂಟ್ ಕೆಲವೊಮ್ಮೆ ಹಾಗೆ ಬಿಟ್ಟುಬರುವುದೂ ಉಂಟು. ಆದರೆ ಬೂಷ್ಟು ತಿಂದದ್ದು, ಕೈಯಿಂದ ಬಣ್ಣ ಹಚ್ಚಿದ್ದು, ಇಂಕ್‌ಜೆಟ್ ಪ್ರಿಂಟು ನೀರಿಗೆ ಬಿದ್ದರೆ ಮುಗಿಯಿತು. ಒಂದೇ ಪ್ರತಿ ಇರುವ ಫೋಟೊದ ಮೇಲೆ ಈ ಪ್ರಯೋಗ ಮಾಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಫ್ರೇಮನ್ನು ಕವುಚಿ ಹಾಕಿ, ಹಿಂದಿನ ಮೊಳೆ ಮತ್ತು ರಟ್ಟು ತೆಗೆಯಿರಿ. ಫೋಟೊ ಗಾಜಿನ ಮೇಲೆಯೇ ಇರಲಿ. ಗಾಜಿನ ಹೊರಮೈಯನ್ನು ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ, ಅಂಚಿಗೆ ನೀರಿಳಿಯದಂತೆ ಒರೆಸಿ. ಸ್ಪ್ರೇ ಹೊಡೆಯಬೇಡಿ. ಹಾಗೆಯೇ ಸ್ಕ್ಯಾನರಿನ ಮೇಲಿಟ್ಟು ಸ್ಕ್ಯಾನ್ ಮಾಡಿ. ಇಲ್ಲಿ ಸ್ಕ್ಯಾನರಿನ ಬಗೆ ಮುಖ್ಯ: ಸಿಸಿಡಿ ಸಂವೇದಕದ ದಪ್ಪ ಸ್ಕ್ಯಾನರಿಗೆ ಗಾಜಿನಿಂದ ಕೆಲವು ಮಿಲಿಮೀಟರ್ ಮೇಲಿದ್ದರೂ ಸ್ಪಷ್ಟವಾಗಿ ಕಾಣುತ್ತದೆ. ಸಿಐಎಸ್ ಸಂವೇದಕದ ತೆಳ್ಳಗಿನ ಸ್ಕ್ಯಾನರಿನಲ್ಲಿ ಎಲ್ಲ ಮಸುಕು. ಅಂಟಿದ ಭಾಗ ಕಪ್ಪಾಗಿ, ಅಂಟದ ಭಾಗ ಮಾಸಲಾಗಿ ಬರುವುದುಂಟು. ಅದನ್ನು ಕಂಪ್ಯೂಟರಿನಲ್ಲಿ ಸಮ ಮಾಡಬಹುದು. ಗಾಜು ಒಡೆದಿದ್ದರೆ ಚೂರುಗಳನ್ನು ಕೀಳದೆ, ಗಟ್ಟಿ ರಟ್ಟಿನ ಮೇಲೆ ಮಲಗಿಸಿ, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ.

ದೇವರ ಕೋಣೆಯಲ್ಲೂ ಹಾಲಿನಲ್ಲೂ ಹಿರಿಯರ ಫೋಟೊ ಹಾಕಿದ್ದೇವೆ, ಹೂವಿನ ಹಾರವೂ ಹಾಕುತ್ತೇವೆ. ತಪ್ಪೇ?

ತಪ್ಪೇನಿಲ್ಲ. ಆದರೆ ಗೋಡೆಯ ಮೇಲಿರುವುದು ಪ್ರತಿಯಾಗಿರಲಿ. ದೀಪದ ಮಸಿ, ಊದಿನಕಡ್ಡಿಯ ಹೊಗೆ, ಗಾಜಿನಂಚಿನಿಂದ ಒಳಗಿಳಿಯುವ ಗಂಧದ ನೀರು, ಹಸಿ ಹಾರದ ತೇವ, ಇವುಗಳ ಎದುರು ಯಾವ ಫೋಟೊವೂ ಹೆಚ್ಚು ವರ್ಷ ನಿಲ್ಲುವುದಿಲ್ಲ. ಹೊಸ ಪ್ರತಿ ಹಾಕಿಸುವಾಗ ಫೋಟೊಗೂ ಗಾಜಿಗೂ ನಡುವೆ ರಟ್ಟಿನ ಚೌಕಟ್ಟು (ಮೌಂಟ್) ಹಾಕಿಸಿ, ಎರಡು ಮೂರು ಮಿಲಿಮೀಟರ್ ಸಂದು ಬಿಡಿಸಿ. ಪಡುವಣ ಬಿಸಿಲು ಬೀಳುವ ಗೋಡೆ ಬೇಡ.

ಎಂಬತ್ತರ ದಶಕದ ಅಂಟುಪುಟದ ಆಲ್ಬಂನಿಂದ ಫೋಟೊ ಬರುತ್ತಲೇ ಇಲ್ಲ.

ಪ್ಲಾಸ್ಟಿಕ್ ಹಾಳೆ ಎತ್ತಿ, ಅಂಟುಗೆರೆಗಳ ಮೇಲೆ ಫೋಟೊ ಕೂರಿಸುವ ಆಲ್ಬಂ ತಾನೇ? ಮದುವೆಮನೆಗಳಲ್ಲಿ ಉಡುಗೊರೆಯಾಗಿ ಬಂದವೆಲ್ಲ ಇವೇ. ಫೋಟೊದ ಪಾಲಿಗೆ ಇದಕ್ಕಿಂತ ಕೆಟ್ಟ ಜಾಗ ಕಡಿಮೆ. ಮೊದಲು ಪ್ಲಾಸ್ಟಿಕ್ ಹಾಳೆ ಮಡಚಿ ಇಡೀ ಪುಟವನ್ನು ಸ್ಕ್ಯಾನ್ ಮಾಡಿ, ಬಿಡಿಸುವಾಗ ಹರಿದರೂ ಚಿತ್ರ ಕೈಯಲ್ಲಿರಲಿ. ಆಮೇಲೆ ಮೇಣವಿಲ್ಲದ, ಹಲ್ಲಿನ ಸಂದಿಗೆ ಬಳಸುವ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಫೋಟೊದ ಒಂದು ಮೂಲೆಯಡಿ ತೂರಿಸಿ, ಗರಗಸದಂತೆ ಹಿಂದಕ್ಕೆ ಮುಂದಕ್ಕೆ ಆಡಿಸುತ್ತ ಕೆಳಗಿಳಿಸಿ. ದಾರವನ್ನು ಪುಟದ ಕಡೆ ಒತ್ತಿ ಹಿಡಿಯಿರಿ, ಫೋಟೊದ ಕಡೆ ಬೇಡ. ಫೋಟೊ ಬಾಗತೊಡಗಿದರೆ ನಿಲ್ಲಿಸಿ. ಬರದಿದ್ದರೆ ಪುಟವನ್ನೇ ಫೋಟೊದ ಸುತ್ತ ಕತ್ತರಿಸಿ, ಹಾಗೆಯೇ ಕವರಿಗೆ ಹಾಕಿ. ಹೇರ್ ಡ್ರೈಯರ್ ಹಿಡಿದರೆ ಅಂಟು ಕರಗಿ ಕಾಗದದೊಳಕ್ಕೆ ಇಳಿಯುತ್ತದೆ.

ಕಪ್ಪು ಕಾಗದದ, ಮೂಲೆಗಳಲ್ಲಿ ಸಿಕ್ಕಿಸುವ ಹಳೆಯ ಆಲ್ಬಂಗಳನ್ನು ಬಿಚ್ಚಬೇಡಿ. ಪುಟಗಳ ನಡುವೆ ಆಮ್ಲರಹಿತ ತೆಳು ಕಾಗದ ಹಾಕಿದರಾಯಿತು. ಬಿಳಿ ಶಾಯಿಯಲ್ಲಿ ಬರೆದ ಟಿಪ್ಪಣಿಗಳೂ ಅಲ್ಲಿರುತ್ತವೆ.

ಹರಿದ ಫೋಟೊಗೆ ಟೇಪ್ ಹಾಕಲೇ? ಲ್ಯಾಮಿನೇಷನ್ ಮಾಡಿಸಲೇ?

ಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ ಮತ್ತೆ ಬರುವುದಿಲ್ಲ. ಹರಿದ ತುಂಡುಗಳನ್ನು ಒಂದೇ ಕವರಿನಲ್ಲಿ ಪಕ್ಕಪಕ್ಕ ಇಡಿ. ಸ್ಕ್ಯಾನರಿನ ಮೇಲೆ ತುಂಡುಗಳ ನಡುವೆ ಒಂದು ಕೂದಲೆಳೆ ಅಂತರ ಬಿಟ್ಟು ಜೋಡಿಸಿ, ಒಂದರ ಮೇಲೊಂದು ಏರಿಸಬೇಡಿ. ಕಂಪ್ಯೂಟರಿನಲ್ಲಿ ಪ್ರತಿ ತುಂಡನ್ನೂ ಬೇರೆ ಪದರಕ್ಕೆ (ಲೇಯರ್) ತಂದು ಕೂಡಿಸುವುದು ಸುಲಭ.

ಮನೆಗೆ ನೀರು ನುಗ್ಗಿ ಆಲ್ಬಂ ನೆನೆದಿದೆ. ಎಷ್ಟು ಸಮಯ ಇದೆ?

ಎರಡು ದಿನ. ಅದರೊಳಗೇ ಕೆಲಸ ಮುಗಿಯಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನೆಲಮಹಡಿಯ ಮನೆಗಳು ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ನೆಂದ ಫೋಟೊಗಳ ಕಟ್ಟನ್ನು ಫ್ಯಾನಿನಡಿ ಒಣಹಾಕುವುದು ಸಹಜ. ಒಣಗಿದ ಕಟ್ಟು ಇಟ್ಟಿಗೆಯಾಗುತ್ತದೆ, ಆಮೇಲೆ ಏನೂ ಮಾಡಲಾಗದು.

ನೆಂದವು ಒದ್ದೆಯಾಗಿಯೇ ಇರಲಿ. ಟಬ್ಬಿನಲ್ಲಿ ತಣ್ಣನೆಯ ಶುದ್ಧ ನೀರು ತುಂಬಿ, ಕಟ್ಟನ್ನು ಅದರೊಳಗಿಟ್ಟು, ತಾವಾಗಿ ಬಿಟ್ಟುಕೊಳ್ಳುವವರೆಗೆ ಕಾಯಿರಿ. ಚಿತ್ರದ ಮೈಯನ್ನು ಮುಟ್ಟದೆ ಅಂಚು ಹಿಡಿದು ಒಂದೊಂದಾಗಿ ತೆಗೆದು, ಇನ್ನೊಂದು ಟಬ್ಬಿನಲ್ಲಿ ತೊಳೆಯಿರಿ, ಕೆಸರುನೀರಾದಾಗ ಬದಲಿಸುತ್ತಿರಿ. ಮೊದಲು ಬಣ್ಣದವು, ನಂತರ ಕಪ್ಪುಬಿಳುಪು. ಬ್ಲಾಟಿಂಗ್ ಪೇಪರ್ ಅಥವಾ ಬಿಳಿ ಹತ್ತಿ ಬಟ್ಟೆಯ ಮೇಲೆ ಮುಖ ಮೇಲಾಗಿ ಹರಡಿ. ಬಟ್ಟೆ ಒಣಹಾಕುವ ದಾರಕ್ಕೆ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಅಂಚು ಕಚ್ಚಿಸಿ ತೂಗಹಾಕಿದರೂ ಆದೀತು. ಬಿಸಿಗಾಳಿ ಬೇಡ. ಒಣಗಿದಾಗ ಸುರುಳಿ ಸುತ್ತಿದರೆ ಗಾಬರಿಯಾಗಬೇಡಿ, ಆಮೇಲೆ ಭಾರದಡಿ ಇಟ್ಟು ಚಪ್ಪಟೆ ಮಾಡಬಹುದು.

ಅಷ್ಟು ಹೊತ್ತು ಇಲ್ಲದಿದ್ದರೆ ನಾಲ್ಕಾರು ಫೋಟೊಗಳ ನಡುವೆ ಬಟರ್ ಪೇಪರ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಜರಿನಲ್ಲಿಡಿ. ಪುರುಸೊತ್ತಾದಾಗ ಹೊರತೆಗೆದು ಕರಗಿಸಿ ಮೇಲಿನ ಕೆಲಸ ಮಾಡಿ. ಗಾಜಿನ ನೆಗೆಟಿವ್‌ಗಳನ್ನು ಮಾತ್ರ ಫ್ರೀಜರಿಗೆ ಹಾಕಕೂಡದು. ಇಂಕ್‌ಜೆಟ್ ಪ್ರಿಂಟುಗಳನ್ನು ನೀರಿನಲ್ಲಿ ನೆನೆಸಲೂ ಕೂಡದು.

ಸ್ಕ್ಯಾನ್ ಎಷ್ಟು ಡಿಪಿಐ ಇರಬೇಕು?

ಡಿಪಿಐ ಎಂದರೆ ಒಂದು ಇಂಚಿನಲ್ಲಿ ಸ್ಕ್ಯಾನರ್ ಹಿಡಿಯುವ ಚುಕ್ಕಿಗಳ ಎಣಿಕೆ. ಸಾಮಾನ್ಯ 4×6 ಇಂಚಿನ ಪ್ರಿಂಟಿಗೆ 600 ಸಾಕು. ಆಗ 2400×3600 ಪಿಕ್ಸೆಲ್, ಟಿಫ್ (ವಿವರ ಕಳೆಯದೆ ಉಳಿಸುವ ಬಗೆಯ) ಕಡತ ಸುಮಾರು 26 ಎಂಬಿ. ಐನೂರು ಫೋಟೊ ಎಂದರೆ 13 ಜಿಬಿ. ಇಂದು ಅದೇನು ದೊಡ್ಡದಲ್ಲ. ಪಾಸ್‌ಪೋರ್ಟ್ ಅಳತೆಯದ್ದಕ್ಕೂ ಚಿಕ್ಕ ಮುಖಗಳ ಗುಂಪಿನ ಫೋಟೊಗೂ 1200 ಇಡಿ. ಅದಕ್ಕೂ ಮೇಲೆ ಏರಿಸಿದರೆ ಕಡತ ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ, ಕಾಗದದ ನಾರು ಎದ್ದು ಕಾಣುತ್ತದೆ ಅಷ್ಟೆ.

ಸ್ಕ್ಯಾನರಿನ ತಂತ್ರಾಂಶದಲ್ಲಿ ತಾನಾಗಿ ಬಣ್ಣ ಸರಿಪಡಿಸುವ, ಚುರುಕುಗೊಳಿಸುವ, ಧೂಳು ತೆಗೆಯುವ ಆಯ್ಕೆಗಳನ್ನೆಲ್ಲ ಆಫ್ ಮಾಡಿಬಿಡಿ. ಬಿಳಿ ಅಂಚು ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಯಲ್ಲಿ ಒಂದೇ ಒಂದು ಅಕ್ಷರವಿದ್ದರೂ ಅದನ್ನೂ ಸ್ಕ್ಯಾನ್ ಮಾಡಿ.

ಎಪ್ಪತ್ತರ ದಶಕದ, ಜೇನುಗೂಡಿನಂಥ ಉಬ್ಬುತಗ್ಗಿನ ಕಾಗದದ ಪ್ರಿಂಟುಗಳು ಸ್ಕ್ಯಾನಿನಲ್ಲಿ ಚುಕ್ಕಿಚುಕ್ಕಿಯಾಗಿ ಬರುತ್ತವೆ. ಒಮ್ಮೆ ನೇರವಾಗಿ, ಇನ್ನೊಮ್ಮೆ 180 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿ. ಎರಡನ್ನೂ ಪದರಗಳಾಗಿ ಹೊಂದಿಸಿ ಮೇಲಿನದನ್ನು ಶೇ 50 ಪಾರದರ್ಶಕ ಮಾಡಿದರೆ ನೆರಳುಗಳು ಒಂದನ್ನೊಂದು ಬಹುಪಾಲು ಅಳಿಸುತ್ತವೆ.

ಕಪ್ಪುಬಿಳುಪು ಫೋಟೊವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಎನ್ನುತ್ತಾರಲ್ಲ, ಯಾಕೆ?

ಕಲೆಗಳಿಗೆ ಬಣ್ಣ ಇರುತ್ತದೆ, ಅದಕ್ಕೆ. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ವಾಹಿನಿಗಳು (ಚಾನೆಲ್), ಅಂದರೆ ಒಂದೊಂದು ಬಣ್ಣದ ಬೆಳಕಿನ ಬೇರೆ ಬೇರೆ ಚಿತ್ರಗಳು, ಇರುತ್ತವೆ. ಹಳದಿ ಕಲೆ ಕೆಂಪು ವಾಹಿನಿಯಲ್ಲಿ ಬಹುತೇಕ ಮಾಯ. ಯಾರೋ ಕೆಂಪು ಶಾಯಿಯಲ್ಲಿ ಗೀಚಿದ್ದೂ ಅಲ್ಲೇ ಮಾಯ. ನೀಲಿ ಬಾಲ್‌ಪೆನ್ ಗೆರೆ ನೀಲಿ ವಾಹಿನಿಯಲ್ಲಿ ತಿಳಿಯಾಗುತ್ತದೆ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಬಣ್ಣಗಳನ್ನು ಬಿಡಿಸಿ, ಮೂರನ್ನೂ ನೋಡಿ, ಚೆನ್ನಾಗಿರುವುದನ್ನು ಉಳಿಸಿಕೊಂಡರೆ ಗಂಟೆಗಟ್ಟಲೆಯ ಒರೆಸಾಟ ತಪ್ಪುತ್ತದೆ.

ಸ್ಕ್ಯಾನರ್ ಇಲ್ಲ. ಫೋನ್ ಸಾಲದೇ?

ಪಟ್ಟಿಗೆ ಸಾಕು, ತುರ್ತಿಗೂ ಸಾಕು. ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ ಫೋಟೊ ಮಲಗಿಸಿ, ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ನೇರ ಮೇಲೆ ಸಮಾಂತರವಾಗಿ ಹಿಡಿಯಿರಿ. ತೀರ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ; ಸ್ವಲ್ಪ ದೂರದಿಂದ ಎರಡು ಪಟ್ಟು ಜೂಮ್ ಮಾಡಿ. ಗಾಜಿನ ಫ್ರೇಮ್ ಆದರೆ ನಿಮ್ಮ ಹಿಂದೆ ಕಪ್ಪು ಬಟ್ಟೆ ಹಿಡಿಸಿ, ಪ್ರತಿಬಿಂಬ ಬೀಳುವುದಿಲ್ಲ.

ನೆಗೆಟಿವ್‌ಗಳೂ ಇವೆ. ಬೇಕೇ?

ಪ್ರಿಂಟಿಗಿಂತ ಹೆಚ್ಚು ಬೇಕು. ಮೂಲ ಎಂದರೆ ಅದೇ. ಆಗ್ಫಾ ಕ್ಲಿಕ್–3 ಕ್ಯಾಮೆರಾ ಇದ್ದ ಮನೆಗಳಲ್ಲಿ 6×6 ಸೆಂಟಿಮೀಟರಿನ ನೆಗೆಟಿವ್‌ಗಳಿರುತ್ತವೆ, ಒಂದು ರೋಲಿಗೆ 12. ಇವನ್ನು 2400 ಡಿಪಿಐನಲ್ಲಿ ತೆಗೆದರೆ ದೊಡ್ಡ ಪ್ರಿಂಟಿಗೂ ಸಾಕಾಗುವ ವಿವರ ಬರುತ್ತದೆ. 35 ಎಂಎಂಗೆ 3200. ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ 6400 ಎಂದು ಬರೆದಿದ್ದರೂ ಮನೆಬಳಕೆಯ ಫ್ಲ್ಯಾಟ್‌ಬೆಡ್ (ಫೋಟೊ ಮಲಗಿಸುವ ಸ್ಕ್ಯಾನರ್) ನಿಜವಾಗಿ ಕೊಡುವುದು ಅದರ ಅರ್ಧವೂ ಅಲ್ಲ. ಇನ್‌ಫ್ರಾರೆಡ್‌ನಿಂದ ಧೂಳು ತೆಗೆಯುವ ಸೌಲಭ್ಯ ಬಣ್ಣದ ನೆಗೆಟಿವ್‌ಗೆ ಮಾತ್ರ. ಕಪ್ಪುಬಿಳುಪಿನಲ್ಲಿ ಬೆಳ್ಳಿಯೇ ಆ ಕಿರಣವನ್ನು ತಡೆಯುವುದರಿಂದ ಚಿತ್ರವೇ ಹಾಳಾಗುತ್ತದೆ.

ವಿನಿಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯತೊಡಗಿದೆ. ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿ. ಅದರ ಆವಿ ಪಕ್ಕದವನ್ನೂ ಕೆಡಿಸುತ್ತದೆ. 1950ರ ದಶಕದ ಆರಂಭಕ್ಕಿಂತ ಹಿಂದಿನದು, ಅಂಚಿನಲ್ಲಿ ಸೇಫ್ಟಿ ಎಂಬ ಇಂಗ್ಲಿಷ್ ಪದವಿಲ್ಲ, ಅಂಟಂಟಾಗಿ ಕಂದು ತಿರುಗಿದೆ ಎಂದರೆ ನೈಟ್ರೇಟ್ ಫಿಲ್ಮ್ ಇರಬಹುದು. ಅದು ಸುಲಭವಾಗಿ ಬೆಂಕಿ ಹಿಡಿಯುವ ವಸ್ತು. ಸುಟ್ಟು ನೋಡುವ ಪರೀಕ್ಷೆ ಮಾಡಬೇಡಿ, ಕಪಾಟಿನಲ್ಲಿಯೂ ಇಡಬೇಡಿ, ತಜ್ಞರನ್ನು ಕೇಳಿ.

ಅಜ್ಜಿಯದ್ದು ಗುಂಪಿನ ಫೋಟೊ ಒಂದೇ ಇದೆ. ಶ್ರಾದ್ಧಕ್ಕೆ ಮುಖ ದೊಡ್ಡದು ಮಾಡಿಸಬೇಕು.

ಪಕ್ಷಮಾಸ ಹತ್ತಿರವಾದಂತೆ ಈ ಪ್ರಶ್ನೆಯೇ ಹೆಚ್ಚು. ಲೆಕ್ಕ ಸರಳ: ಫೋಟೊದಲ್ಲಿ ಮುಖ 5 ಮಿಲಿಮೀಟರ್ ಅಗಲ ಇದ್ದರೆ 1200 ಡಿಪಿಐನಲ್ಲಿ ಸಿಗುವುದು ಸುಮಾರು 236 ಪಿಕ್ಸೆಲ್. 300 ಡಿಪಿಐ ಮುದ್ರಣದಲ್ಲಿ ಅದು ಎರಡು ಸೆಂಟಿಮೀಟರ್ ಅಗಲದ ಮುಖ. 150ಕ್ಕೆ ಇಳಿಸಿದರೆ ನಾಲ್ಕು. ಗೋಡೆಯಲ್ಲಿ ಆರಡಿ ದೂರದಿಂದ ನೋಡಲು ಅಡ್ಡಿಯಿಲ್ಲ. 12×15 ಇಂಚಿನ ಫ್ರೇಮ್ ತುಂಬ ಮುಖ ಬೇಕೆಂದರೆ ಉಳಿದದ್ದನ್ನು ಯಾರೋ ಊಹಿಸಿ ಬರೆಯಬೇಕಾಗುತ್ತದೆ. ಅದರ ಬದಲು 6×8 ಇಂಚಿನ ಪ್ರಿಂಟ್ ಮಾಡಿಸಿ, ಅಗಲವಾದ ಮೌಂಟ್ ಹಾಕಿಸಿ ದೊಡ್ಡ ಫ್ರೇಮಿನಲ್ಲಿ ಕೂರಿಸಿ. ಮುಖ ಅಜ್ಜಿಯದ್ದೇ ಆಗಿರುತ್ತದೆ.

ಎಐ ಆ್ಯಪ್‌ಗಳು ಒಂದೇ ಕ್ಷಣದಲ್ಲಿ ಸರಿ ಮಾಡುತ್ತವಲ್ಲ?

ಸರಿ ಮಾಡುವುದಕ್ಕಿಂತ ಹೊಸದು ಮಾಡುತ್ತವೆ. ಮಸುಕಾದ ಮುಖ ಕೊಟ್ಟರೆ, ತಾನು ಕಲಿತ ಸಾವಿರಾರು ಮುಖಗಳಿಂದ ಕಣ್ಣು, ತುಟಿ, ಹಲ್ಲು ತಂದು ಕೂರಿಸುತ್ತದೆ. ಚರ್ಮ ನುಣುಪಾಗುತ್ತದೆ, ಬಣ್ಣ ಒಂದು ಸುತ್ತು ಬೆಳ್ಳಗಾಗುತ್ತದೆ. ಪರಿಚಯ ಇಲ್ಲದವರಿಗೆ ಅದ್ಭುತ ಎನಿಸುತ್ತದೆ, ಅವರನ್ನು ಕಂಡಿದ್ದವರು "ಇದು ಯಾರು?" ಎನ್ನುತ್ತಾರೆ.

ಕುಂಕುಮದ ವಿಷಯ ನೋಡಿ. ಆ ಕಾಲದ ಅನೇಕ ಪ್ಲೇಟು, ಫಿಲ್ಮ್‌ಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಹಾಗಾಗಿ ಕುಂಕುಮ ಕಪ್ಪು ಬೊಟ್ಟಾಗಿ, ಕೆಂಪು ಸೀರೆ ಹೆಚ್ಚುಕಡಿಮೆ ಕಪ್ಪಾಗಿ ಬಂದಿದೆ. ಆ್ಯಪ್‌ಗೆ ಆ ಬೊಟ್ಟು ಒಂದು ಕಲೆ, ಅಳಿಸಿಬಿಡುತ್ತದೆ. ಮೂಗುತಿಯ ಬಿಳಿ ಚುಕ್ಕಿ ಧೂಳಾಗುತ್ತದೆ. ಕೆನ್ನೆಯ ಮಚ್ಚೆ, ಹಣೆಯ ವಿಭೂತಿ, ಗೋಪೀಚಂದನದ ಮುದ್ರೆ ಎಲ್ಲಕ್ಕೂ ಇದೇ ಗತಿ. ಬಣ್ಣ ತುಂಬಿಸಿದರೆ ಸೀರೆಗೆ ತನಗೆ ತೋಚಿದ ಬಣ್ಣ. ಮೈಬಣ್ಣದ ಬಗ್ಗೆಯೂ ಹುಷಾರು: ಅದೇ ಕಾರಣಕ್ಕೆ ಕಂದು ಮೈಬಣ್ಣ ಹಳೆಯ ಫೋಟೊದಲ್ಲಿ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಎಐ ಬಳಸಲೇಬೇಕಿದ್ದರೆ ಹಿನ್ನೆಲೆಯ ಪರದೆ, ಆಕಾಶ, ನೆಲದ ಗೀರುಗಳಿಗೆ ಬಳಸಿ. ಮುಖ ಸುಧಾರಿಸುವ ಆಯ್ಕೆ ಆಫ್ ಮಾಡಿಡಿ. ಮುಖದ ಗೀರನ್ನು ಕೈಯಲ್ಲೇ ತೆಗೆಯಬೇಕು. ಖಾಲಿ ಪದರ ಸೇರಿಸಿ, ಹೀಲ್ ಎಂಬ, ಪಕ್ಕದ ಮಾದರಿಯಿಂದ ಕಲೆ ಮುಚ್ಚುವ ಉಪಕರಣವನ್ನು ಎಲ್ಲ ಪದರಗಳಿಂದ ಮಾದರಿ ತೆಗೆಯುವಂತೆ ಹೊಂದಿಸಿ, ಕುಂಚವನ್ನು ಗೀರಿಗಿಂತ ತುಸುವೇ ಅಗಲವಿಟ್ಟುಕೊಳ್ಳಿ. ಮಾದರಿಯನ್ನು ಅದೇ ಕೆನ್ನೆಯಿಂದ, ಅದೇ ಬೆಳಕಿನ ಜಾಗದಿಂದ ತೆಗೆಯಿರಿ. ಚಿತ್ರವನ್ನು ಶೇ 100ರಲ್ಲಿ ನೋಡುತ್ತ ಕೆಲಸ ಮಾಡಿ, ಆಗಾಗ ಕುಗ್ಗಿಸಿ ನೋಡಿ. ಕುಗ್ಗಿಸಿದಾಗ ಕಾಣದ ಚುಕ್ಕಿಯ ಹಿಂದೆ ಬೀಳಬೇಡಿ.

ಎಪ್ಪತ್ತರ ದಶಕದ ಮದುವೆ ಫೋಟೊಗಳೆಲ್ಲ ಕೆಂಪಾಗಿವೆ.

ಆ ಕಾಲದ ಪ್ರಿಂಟುಗಳಲ್ಲಿ ನೀಲಿ–ಹಸಿರು ಛಾಯೆಯ ಬಣ್ಣ ಮೊದಲು ಅಳಿದಿದೆ, ಉಳಿದದ್ದು ಕೆಂಪು. ಪ್ರತಿ ಬಣ್ಣಕ್ಕೆ 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿ, ಲೆವೆಲ್ಸ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆಯಾಗಿ ಎರಡು ತುದಿಗಳ ಗುಂಡಿಗಳನ್ನು ಅಲ್ಲಿ ಕಾಣುವ ಗುಡ್ಡದಾಕಾರದ ನಕ್ಷೆಯ ಬುಡಕ್ಕೆ ಎಳೆಯಿರಿ. ಅರ್ಧಕ್ಕರ್ಧ ಅಲ್ಲೇ ಸರಿಹೋಗುತ್ತದೆ. ಬಿಳಿಯ ಅಳತೆಗೆ ವರನ ಪಂಚೆಯನ್ನು ನೆಚ್ಚಬೇಡಿ, ಅದು ಕೆನೆಬಣ್ಣದ ರೇಷ್ಮೆ ಇದ್ದೀತು. ಗೋಡೆಯ ಸುಣ್ಣವೋ ಸ್ಟೀಲ್ ಪಾತ್ರೆಯೋ ಮೇಲು.

ಹಿಂದೆ ಇಸವಿ ಬರೆದಿಲ್ಲ. ಕಾಲ ಪತ್ತೆ ಹಚ್ಚಬಹುದೇ?

ಸ್ಟುಡಿಯೊದ ಮುದ್ರೆಯನ್ನು ಓದಿ. "ಬಾಂಬೆ–19" ಎಂದು ಮಾಟುಂಗದ ವಿಳಾಸವಿದ್ದರೆ ಪಿನ್‌ಕೋಡ್ ಬರುವ ಮುಂಚಿನದು; 1972ರ ಆಗಸ್ಟ್ 15ರ ನಂತರ ಅದೇ ಜಾಗ 400019 ಆಯಿತು. "ಮುಂಬೈ" ಎಂದು ಇಂಗ್ಲಿಷಿನಲ್ಲಿದ್ದರೆ ಹೆಚ್ಚಾಗಿ 1995ರ ನಂತರದ್ದು. ಪೆನ್ಸಿಲಿನಲ್ಲಿ ದರ ಆಣೆಯಲ್ಲಿ ಬರೆದಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಎನ್ನಬಹುದು. ನಯಾ ಪೈಸೆ ಇದ್ದರೆ 1957ರಿಂದ 1964ರ ಆಸುಪಾಸು. ಧಾರವಾಡ, ಬೆಳಗಾವಿ, ಕಾರವಾರಗಳ ಸ್ಟುಡಿಯೊ ಮುದ್ರೆಯಲ್ಲಿ ಬಾಂಬೆ ರಾಜ್ಯದ ಹೆಸರಿದ್ದರೆ 1956ಕ್ಕೆ ಮುಂಚಿನದು; ಆ ನವೆಂಬರಿನಲ್ಲಿ ಅವು ಮೈಸೂರು ರಾಜ್ಯಕ್ಕೆ ಸೇರಿದವು. ಮೈಸೂರು ರಾಜ್ಯ ಎಂದಿದ್ದರೆ 1973ರೊಳಗಿನದು. ಮುದ್ರೆ ಹಳೆಯದನ್ನೇ ವರ್ಷಗಟ್ಟಲೆ ಬಳಸಿರಲೂಬಹುದು, ಹಾಗಾಗಿ ಒಂದೇ ಸುಳಿವನ್ನು ನಂಬಬೇಡಿ. ಫೋಟೊದಲ್ಲಿ ಮಗುವಿದ್ದರೆ ಅದರ ಹುಟ್ಟಿದ ವರ್ಷವೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ.

ಹೆಸರು ಬರೆಯುವಾಗ 2ಬಿ ಪೆನ್ಸಿಲ್, ಹಿಂಬದಿಯ ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ ಮುಂಭಾಗಕ್ಕೆ ಗುರುತು ಮೂಡಿಸುತ್ತದೆ. ಪ್ಲಾಸ್ಟಿಕ್ ಹಿಂಬದಿಯ ಪ್ರಿಂಟಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಕವರಿನ ಮೇಲೆ ಬರೆಯಿರಿ. "ಅಪ್ಪಯ್ಯ" ಎಂದು ಬರೆದರೆ ಇನ್ನು ನಲವತ್ತು ವರ್ಷಕ್ಕೆ ಯಾರ ಅಪ್ಪಯ್ಯ ಎಂಬ ಪ್ರಶ್ನೆ ಏಳುತ್ತದೆ. ಪೂರ್ತಿ ಹೆಸರು, ಊರು ಇರಲಿ.

ಕಡತಗಳನ್ನು ಹೇಗೆ ಇಟ್ಟುಕೊಳ್ಳಬೇಕು?

ಮೂಲ ಸ್ಕ್ಯಾನ್ ಟಿಫ್‌ನಲ್ಲಿ, ಮುಟ್ಟದೆ. ದುರಸ್ತಿ ಮಾಡಿದ್ದು ಬೇರೆ ಹೆಸರಿನಲ್ಲಿ. ಹಂಚಲು ಜೇಪೆಗ್. ಹೆಸರು ಇಸವಿಯಿಂದ ಶುರುವಾಗಲಿ: 1968_ಮದುವೆ_ಕುಂದಾಪುರ_012. ಕನ್ನಡವನ್ನು ಎಲ್ಲ ಯಂತ್ರಗಳೂ ಓದುವ ಯುನಿಕೋಡ್‌ನಲ್ಲೇ ಬರೆಯಿರಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಗೊಂದಲದ ಗೀಚಾಗುತ್ತವೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಕ್ಲೌಡ್‌ನಲ್ಲೋ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದು ಪ್ರತಿ ಎಂದು ಲೆಕ್ಕವಲ್ಲ, ಅದು ಕುಗ್ಗಿಸಿ ಕಳಿಸುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಸ್ಟುಡಿಯೊಗೆ ಕೊಡುವಾಗ ಏನು ಕೇಳಬೇಕು?

ಮೂಲವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಸ್ಕ್ಯಾನ್ ಎಷ್ಟು ಡಿಪಿಐ, ದುರಸ್ತಿಗೆ ಮುಂಚಿನ ಟಿಫ್ ಕೂಡ ಕೊಡುತ್ತಾರೆಯೇ ಎಂದು ಕೇಳಿ. "ಮೈ ಬೆಳ್ಳಗೆ ಮಾಡಬೇಡಿ, ಬೊಟ್ಟು, ಮೂಗುತಿ, ಮಚ್ಚೆ ಇರಲಿ" ಎಂದು ಬರೆದೇ ಕೊಡಿ. ಹಿಂದೆ ಮಾಡಿದ ಕೆಲಸದ ಮುಂಚಿನ, ನಂತರದ ಚಿತ್ರ ಎರಡನ್ನೂ ತೋರಿಸಲು ಹೇಳಿ.

ಕಾಗದದ ದುರಸ್ತಿಯೇ ಬೇಕಾದರೆ, ಅಂದರೆ ಪದರ ಏಳುತ್ತಿದೆ, ಗಾಜಿಗೆ ಅಂಟಿದೆ, ಗಾಜಿನ ನೆಗೆಟಿವ್ ಒಡೆದಿದೆ ಎಂದರೆ ಅದು ಸ್ಟುಡಿಯೊದ ಕೆಲಸವಲ್ಲ. ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾ ಸಂರಕ್ಷಣಾ ಕೇಂದ್ರವಿದೆ. ಮುಂಬೈಯಲ್ಲಿ ಇರುವವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಸ್ಕ್ಯಾನ್ ಆಯಿತಲ್ಲ, ಮನೆಯಲ್ಲಿ ಜಾಗವಿಲ್ಲ. ಮೂಲಗಳನ್ನು ಬಿಸಾಡಬಹುದೇ?

ಬೇಡ. ಇನ್ನು ಹತ್ತು ವರ್ಷಕ್ಕೆ ಇನ್ನೂ ಒಳ್ಳೆಯ ಸ್ಕ್ಯಾನರ್ ಬರುತ್ತದೆ, ಹಾರ್ಡ್ ಡಿಸ್ಕ್ ಅಷ್ಟರಲ್ಲಿ ಕೆಟ್ಟಿರುತ್ತದೆ. ಜಾಗದ ತಾಪತ್ರಯ ಇದ್ದರೆ ಒಂದೇ ಫೋಟೊದ ನಾಲ್ಕು ಪ್ರತಿಗಳಲ್ಲಿ ಚೆನ್ನಾಗಿರುವುದನ್ನು ಉಳಿಸಿಕೊಂಡು ಉಳಿದವನ್ನು ಅಕ್ಕತಂಗಿಯರಿಗೆ ಹಂಚಿ. ಹಳೆಯ ಫ್ರೇಮು, ಪಿವಿಸಿ ಕವರು, ಅಂಟುಪುಟದ ಖಾಲಿ ಆಲ್ಬಂಗಳನ್ನು ಹೊರಹಾಕಿ. ಸಾವಿರ ಪ್ರಿಂಟುಗಳು ಎರಡು ಡಬ್ಬಿಯೊಳಗೆ ಹಿಡಿಯುತ್ತವೆ.